ಸವೆದ ಕೀ, ಹಿಂದಿನ ಸೀಟು

ನಮ್ಮವರಿಗೆ ಕಾರಿನ ಕೀ ಎಂದರೆ ಜೀವ. ಬಸವೇಶ್ವರನಗರದ ನಮ್ಮ ಮನೆಗೆ ಆ ಬಿಳಿ ಸೆಕೆಂಡ್ ಹ್ಯಾಂಡ್ ಕಾರು ಬಂದ ದಿನದಿಂದ ಕೀ ಇವರ ಉಡಿದಾರದಲ್ಲೇ ನೇತಾಡುತ್ತಿತ್ತು. ಸ್ನಾನಕ್ಕೂ ಬಿಚ್ಚುತ್ತಿರಲಿಲ್ಲ ಅಂದರೆ ನೋಡಿ. ಎದುರುಮನೆಯವರ ಕಾರಿನ ಕೀ ನಮ್ಮ ಕಾರಿನ ಬಾಗಿಲು ತೆಗೆದದ್ದನ್ನು ನಾನೇ ಒಮ್ಮೆ ಕಂಡಿದ್ದೆ. ಕೀಯೂ ಲಾಕೂ ಸವೆದು ಹೋಗಿವೆ, ಬದಲಾಯಿಸಿ ಎಂದರೆ, ಕೀ ನನ್ನ ಸೊಂಟದಲ್ಲಿದೆಯಲ್ಲ ಎನ್ನುವರು.

ಆ ವರ್ಷ ಆಯುಧ ಪೂಜೆಯ ಹೊತ್ತಿಗೆ ಮನೆಯಲ್ಲಿ ಮುನಿಸು. ಮಗನಿಗೆ ಕಾರು ಒರೆಸಲು ಪುರುಸೊತ್ತಿದೆ, ತನ್ನ ಹತ್ತಿರ ಕೂರಲು ಇಲ್ಲ ಎಂದು ನಮ್ಮತ್ತೆಗೆ ಸಿಟ್ಟು. ಹಬ್ಬ ಮುಗಿಯುತ್ತಲೇ ಹುಬ್ಬಳ್ಳಿಗೆ, ಕಿರಿಯ ಮಗನ ಮನೆಗೆ ಹೊರಡುವುದೆಂದು ಟ್ರಂಕು ಕಟ್ಟಿದ್ದರು. ಮಗನ ಜೊತೆ ಮಾತು ಬಿಟ್ಟಿದ್ದರು. ನನಗೋ ಸಂಕಟ. ಬೈಯುತ್ತ ಬೈಯುತ್ತಲೇ ನನಗೆ ರೊಟ್ಟಿ ಬಡಿಯಲು ಕಲಿಸಿದವರು ಅವರು.

ರಾಜಾಜಿನಗರದ ದೇವಸ್ಥಾನದ ಮುಂದೆ ಕಾರುಗಳ ಸಾಲು. ನಮ್ಮದರಂಥವೇ ಬಿಳಿ ಕಾರುಗಳು, ಎಲ್ಲಕ್ಕೂ ಚೆಂಡುಹೂವಿನ ಹಾರ, ಬಾಳೆಕಂದು. ನಂಬರ್ ಪ್ಲೇಟೇ ಕಾಣದು. ಪೂಜೆ ಮುಗಿದು ಬೂದುಗುಂಬಳ ಒಡೆದದ್ದಾಯಿತು. ಮಂಡಿನೋವಿನ ಅತ್ತೆ ಹಿಂದಿನ ಸೀಟಿನಲ್ಲಿ ಮಲಗಿಬಿಟ್ಟರು. ನಾವಿಬ್ಬರೂ ಒಳಗೆ ಹೋಗಿ ಪ್ರಸಾದ ತಂದು, ಕಾರು ಹತ್ತಿ ಹೊರಟೆವು. ಕೀ ಸಲೀಸಾಗಿ ತಿರುಗಿತು.

ಸ್ವಲ್ಪ ದೂರ ಹೋದ ಮೇಲೆ ಇವರು ರಸ್ತೆ ನೋಡುತ್ತಲೇ ಮೆಲ್ಲಗೆ ಶುರುಮಾಡಿದರು.

“ಯವ್ವಾ, ಹೋಗಬ್ಯಾಡ. ನೀ ಇಲ್ಲದ ಮನ್ಯಾಗ ನನಗ ಊಟ ಸೇರೂದಿಲ್ಲ.”

ಹಿಂದಿನಿಂದ ಉತ್ತರವಿಲ್ಲ. ಇವರು ಬಿಡಲಿಲ್ಲ. ಚಿಕ್ಕಂದಿನಲ್ಲಿ ಜ್ವರ ಬಂದಾಗ ತಾಯಿ ಹೆಗಲ ಮೇಲೆ ಹೊತ್ತು ಆಸ್ಪತ್ರೆಗೆ ನಡೆದದ್ದು, ತಾನು ಉಪವಾಸವಿದ್ದು ಮಕ್ಕಳಿಗೆ ಬಡಿಸಿದ್ದು, ಎಲ್ಲ ಹೇಳಿದರು. ಮದುವೆಯಾದಾಗಿನಿಂದ ಇವರ ಬಾಯಲ್ಲಿ ಇಷ್ಟು ಮಾತು ನಾನು ಕೇಳಿರಲಿಲ್ಲ. ಕಣ್ಣೊರೆಸಿಕೊಂಡೆ. ಇಷ್ಟಕ್ಕೂ ಕರಗದ ಅತ್ತೆಯ ಹಟಕ್ಕೆ ಮನಸ್ಸಿನಲ್ಲೇ ಬೈದುಕೊಂಡೆ.

ಮನೆ ಮುಂದೆ ಇಳಿದು ಹಿಂದಿನ ಬಾಗಿಲು ತೆಗೆದರೆ, ಸೀಟಿನ ಮೇಲೆ ಯಾರದೋ ಛತ್ರಿ. ಅತ್ತೆ ಇಲ್ಲ. ಕಾರೂ ನಮ್ಮದಲ್ಲ.

ಅದೇ ಕಾರಿನಲ್ಲಿ ದೇವಸ್ಥಾನಕ್ಕೆ ಹೇಗೆ ವಾಪಸ್ ಹೋದೆವೋ ದೇವರೇ ಬಲ್ಲ. ನಮ್ಮ ಕಾರಿನ ಪಕ್ಕ ಒಬ್ಬ ಯಜಮಾನರು ಕೈಕಟ್ಟಿ ನಿಂತಿದ್ದರು. ಅವರ ಕೀಯೂ ನಮ್ಮ ಕಾರಿಗೆ ಆಗಿ, ಸ್ಟಾರ್ಟ್ ಕೂಡ ಮಾಡಿದ್ದರಂತೆ. ಹಿಂದಿನಿಂದ ಅತ್ತೆ ಎದ್ದು ಗದರದಿದ್ದರೆ ಹೊರಟೇಬಿಡುತ್ತಿದ್ದರು. ಮಗ ಬರುವವರೆಗೆ ಅಲ್ಲಾಡಕೂಡದೆಂದು ಅತ್ತೆ ಅವರನ್ನು ಅಲ್ಲೇ ನಿಲ್ಲಿಸಿಕೊಂಡಿದ್ದರು. ಪುಣ್ಯಾತ್ಮರು, ನಾವು ಕೈಮುಗಿದಾಗ ನಕ್ಕು ತಮ್ಮ ಕಾರು ಹತ್ತಿ ಹೋದರು.

ಇವರು ತಾಯಿಯ ಮಂಡಿ ಹಿಡಿದು ಕಾರಿನ ಬಾಗಿಲಲ್ಲೇ ಕುಕ್ಕರಿಸಿದರು. ದಾರಿಯುದ್ದಕ್ಕೂ ಖಾಲಿ ಸೀಟಿಗೆ ಏನೇನು ಹೇಳಿದರೆಂದು ನಾನೇ ಹೇಳಿದೆ. ಅತ್ತೆ ನಗಲಿಲ್ಲ. ಸೆರಗಿನಿಂದ ಮಗನ ಮುಖ ಒರೆಸಿದರು.

“ಎಲ್ಲಿಗೂ ಹೋಗೂದಿಲ್ಲ, ನಡಿ ಮನೀಗೆ,” ಎಂದರು. “ಆದ್ರ ದಾರ್ಯಾಗ ಅದನ್ನೆಲ್ಲಾ ಇನ್ನೊಮ್ಮೆ ಹೇಳು. ಈ ಸಲ ಹಿಂದ ನಾ ಅದೀನಿ.”