ಮಿಂದಾಳ ಭಾಷಣಕ್ಕೆ ಕೂತವರು

ಮಿಂದಾ ಶಾಲೆಯ ಹಳದಿ ಬಸ್ಸು ಓಡಿಸುತ್ತಾಳೆ. ಬೆಳಿಗ್ಗೆ ಮಕ್ಕಳನ್ನು ಇಳಿಸಿದರೆ ಮಧ್ಯಾಹ್ನದವರೆಗೆ ಬಸ್ಸಿಗೂ ಬಿಡುವು, ಅವಳಿಗೂ ಬಿಡುವು. ಅಮೆರಿಕದ ನಮ್ಮ ಈ ಸ್ಟಾಕ್ಟನ್ ಊರಿನ ಬೇರೆ ಡ್ರೈವರುಗಳು ಆ ಹೊತ್ತಿಗೆ ಮನೆಗೆ ಹೋಗಿ ಮಲಗುತ್ತಾರೆ. ಇವಳು ಓಕ್ ಮರದ ನೆರಳಲ್ಲಿ ಬಸ್ಸು ನಿಲ್ಲಿಸಿ, ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಓದುತ್ತಿದ್ದಳು. ಆಗೊಂದು ಈಗೊಂದು ವಿಷಯ ಮುಗಿಸುತ್ತ, ಕಮ್ಯುನಿಟಿ ಕಾಲೇಜಿನ ಎರಡು ವರ್ಷದ ಓದು ಪೂರೈಸುವಷ್ಟರಲ್ಲಿ ಅವಳ ತಲೆಗೂದಲು ನರೆಯತೊಡಗಿತ್ತು. ಉಳಿದ ಎರಡು ವರ್ಷ ವಿಶ್ವವಿದ್ಯಾಲಯದಲ್ಲಿ ಓದಿದರೆ ಟೀಚರಾಗುವ ದಾರಿ ತೆರೆಯುತ್ತಿತ್ತು.

"ಮಕ್ಕಳು ಇಳಿದು ಒಳಗೆ ಹೋಗ್ತಾವೆ, ನಾನು ಹೊರಗೇ ಉಳೀತೀನಿ. ನಂಗೂ ಒಳಗೆ ಹೋಗ್ಬೇಕು ಕಣೇ," ಎಂದು ಪಕ್ಕದ ಮನೆಯವಳಾದ ನನ್ನ ಹತ್ತಿರ ಹೇಳುತ್ತಿದ್ದಳು.

ವಿಶ್ವವಿದ್ಯಾಲಯವೇನೋ ಕರೆದು ಸೀಟು ಕೊಟ್ಟಿತು. ಕಾಲೇಜಿನ ಅಂಕಗಳನ್ನೆಲ್ಲ ಒಪ್ಪಿಕೊಂಡಿತು, ಒಂದನ್ನು ಬಿಟ್ಟು: ಭಾಷಣಕಲೆ. ಆ ವಿಷಯವನ್ನು ಅವಳು ಮನೆಯಿಂದಲೇ, ಕಂಪ್ಯೂಟರಿನಲ್ಲಿ ಕಲಿತಿದ್ದಳು. ಭಾಷಣ ಮಾಡುವಾಗ ಎದುರಿಗೆ ಜನ ಕೂತಿದ್ದರೆಂಬ ಖಾತ್ರಿ ಬೇಕು, ಶುಕ್ರವಾರದೊಳಗೆ ಸಿಗದಿದ್ದರೆ ಸೀಟು ಬೇರೆಯವರಿಗೆ, ಎಂದರು.

ಜನ ಕೂತಿದ್ದರು. ನಾನೂ ಕೂತಿದ್ದೆ. ದೊಡ್ಡ ವಯಸ್ಸಿನ ಕೆಲವರನ್ನು ಎದುರಿಗೆ ಕೂರಿಸಿ, ಅವರ ಮುಖ ಕ್ಯಾಮೆರಾಕ್ಕೆ ತೋರಿಸಿ, ನಿಂತು ಮಾತಾಡಬೇಕೆಂಬುದು ಆ ತರಗತಿಯ ಕಟ್ಟಳೆ. ಸಭಿಕರು ಸುಮ್ಮನಿರಬೇಕು ಎಂಬುದೂ ಕಟ್ಟಳೆಯೇ. ಆದರೆ ನಮ್ಮ ಫಿಲಿಪಿನೋ ಮನೆಗಳಲ್ಲಿ ಬಂದವರನ್ನು ಬರಿ ಹೊಟ್ಟೆಯಲ್ಲಿ ಕೂರಿಸುವುದುಂಟೇ? ಎಲ್ಲರ ಕೈಗೂ ಪಾನ್ಸಿತ್ ಶಾವಿಗೆಯ ತಟ್ಟೆ ಬಂತು. ತುಂಬಿದ ಬಾಯಿ ಸುಮ್ಮನಿರುತ್ತದೆ ಎಂದುಕೊಂಡಿದ್ದಳೇನೋ ಪಾಪ.

ಅವಳು ಆರಿಸಿಕೊಂಡ ವಿಷಯವೂ ಎಂಥದು! ನಾವೆಲ್ಲ ಮನೆಯ ಮೂಲೆಯಲ್ಲೊಂದು ರಟ್ಟಿನ ಪೆಟ್ಟಿಗೆ ಇಟ್ಟು, ಸೋಪು, ಟವೆಲು, ಚಾಕೊಲೇಟು, ಡಬ್ಬದ ಮಾಂಸ ತುಂಬಿಸಿ ಹಡಗಿನಲ್ಲಿ ಊರಿಗೆ ಕಳಿಸುತ್ತೇವಲ್ಲ, ಅದನ್ನು ನಿಲ್ಲಿಸಿ ದುಡ್ಡನ್ನೇ ಕಳಿಸಬೇಕು ಎಂದು ಶುರು ಮಾಡಿದಳು. ಅವಳ ಗಂಡನ ಅಕ್ಕ ಫೆಲೀಸಾ ತಟ್ಟೆ ಹಿಡಿದೇ ಎದ್ದು ನಿಂತಳು.

"ಏನಂದೆ? ದುಡ್ಡು ಮೂಸಿದ್ರೆ ಅಮೆರಿಕದ ವಾಸನೆ ಬರುತ್ತೇನೇ? ಪೆಟ್ಟಿಗೆ ತೆಗೆದಾಗ ನಮ್ಮಮ್ಮ ಮೊದಲು ಮೂಗಿಟ್ಟು ಮೂಸ್ತಾಳೆ!"

"ಅಕ್ಕಾ, ಕೂತ್ಕೊಳ್ಳಿ. ಇದು ಪರೀಕ್ಷೆ."

"ಪರೀಕ್ಷೇಲಿ ಸುಳ್ಳು ಹೇಳ್ಬಹುದಾ?"

ಆಮೇಲೆ ಯಾರು ಭಾಷಣ ಮಾಡಿದರೆಂದು ಹೇಳುವುದು ಕಷ್ಟ. ಕ್ಯಾಮೆರಾ ಮಾತ್ರ ಎಲ್ಲವನ್ನೂ ನೋಡುತ್ತಿತ್ತು. ಮಿಂದಾಳಿಗೆ ಅಂಕ ಕಡಿಮೆ ಬಂತು. ಅದನ್ನು ನೋಡಿ ಅಂಕ ಹಾಕಿದ ಮೇಡಂಗೆ ನಾಚಿಕೆಯಿಂದ ಅವಳು ಮತ್ತೆ ಮುಖ ತೋರಿಸಲಿಲ್ಲ.

ಈಗ ಖಾತ್ರಿ ಬೇಕೆಂಬ ಸುದ್ದಿ ಕಿವಿಗೆ ಬಿದ್ದದ್ದೇ ಫೆಲೀಸಾ, "ಖಾತ್ರಿ ನಾವೇ ಅಲ್ವಾ? ನಡೀರಿ ಹೋಗೋಣ," ಎಂದಳು. ಗುರುವಾರ ಬೆಳಿಗ್ಗೆ, ಅಂದು ಕೂತಿದ್ದವರೆಲ್ಲ ಚರ್ಚಿಗೆ ಹೋಗುವಾಗಿನ ಉಡುಪು ತೊಟ್ಟು, ಒಂದೇ ವ್ಯಾನಿನಲ್ಲಿ ತುಂಬಿಕೊಂಡು, ಮಡಿಲಲ್ಲಿ ಲುಂಪಿಯಾ ಎಂಬ ಕರಿದ ಸುರುಳಿಗಳ ತಟ್ಟೆ ಇಟ್ಟುಕೊಂಡು ವಿಶ್ವವಿದ್ಯಾಲಯಕ್ಕೆ ಹೊರಟೆವು. ಮಿಂದಾ ಬಸ್ಸನ್ನು ಡಿಪೋದಲ್ಲಿ ಬಿಟ್ಟು ತನ್ನ ಕಾರಿನಲ್ಲಿ ಬಂದಳು. ಬಾಗಿಲಲ್ಲಿ ನಮ್ಮನ್ನು ಕಂಡು ಹಣೆ ಚಚ್ಚಿಕೊಂಡಳು.

ಅಂಕಗಳನ್ನು ತೂಗಿ ನೋಡುವ ಅಧಿಕಾರಿ ಹೋಲ್ಮ್ ಎಳೆಯ ವಯಸ್ಸಿನವನು. ನಮ್ಮನ್ನು ನೋಡಿ ಎದ್ದೇ ನಿಂತ.

"ಇವರೆಲ್ಲ ಯಾರು?"

"ನಾವೇ ಸಭಿಕರು ಕಣಪ್ಪ," ಎಂದಳು ಫೆಲೀಸಾ. "ಎಣಿಸ್ಕೋ. ಮೊದಲು ತಿನ್ನು."

ಅವನು ನಕ್ಕ. ಆದರೂ ತಲೆಯಾಡಿಸಿದ. "ನೀವು ಹೇಳಿದ್ದನ್ನ ನಾನು ಬರ್ಕೊಳ್ಳೋಕಾಗಲ್ಲಮ್ಮ. ಪಾಠ ಮಾಡಿದವರೇ ಹೇಳಬೇಕು. ಅವರನ್ನ ಕೇಳಿದ್ರಾ?"

ಮಿಂದಾ ನೆಲ ನೋಡಿದಳು. "ಆ ಮೇಡಂಗೆ ನನ್ನ ನೆನಪಿರದಿದ್ರೇ ಒಳ್ಳೇದು."

"ಜಗಳ ಆಡಿದ್ದು ನಾನು, ನಾಚಿಕೆ ನಿಂಗ್ಯಾಕೆ? ಮಾಡು ಫೋನು," ಎಂದು ಗದರಿದಳು ಫೆಲೀಸಾ.

ಮಿಂದಾ ಎಲ್ಲರಿಗೂ ಕೇಳುವಂತೆ ಫೋನಿನ ಸ್ಪೀಕರ್ ಹಾಕಿ, ತನ್ನ ಹೆಸರು ಹೇಳಿ, ಸಭಿಕರಿದ್ದರೆಂಬ ಖಾತ್ರಿ ಕೇಳುವ ಅಧಿಕಾರಿ ಎದುರಿಗೇ ಇದ್ದಾರೆ ಎಂದು ಬೇಡುವ ದನಿಯಲ್ಲಿ ಮಾತು ಶುರು ಮಾಡಿದ್ದಳಷ್ಟೇ. ಆ ಕಡೆಯಿಂದ ಬ್ರಿಗ್ಸ್ ಮೇಡಂ ನಗು ಕೋಣೆಯನ್ನೆಲ್ಲ ತುಂಬಿತು.

"ಅಯ್ಯೋ, ಪೆಟ್ಟಿಗೆ ಜಗಳದವಳು! ಆ ತಟ್ಟೆ ಹಿಡ್ಕೊಂಡು ಎದ್ದವರು ಚೆನ್ನಾಗಿದಾರಾ?"

"ಇಲ್ಲೇ ಇದೀನಿ!" ಎಂದು ಕೂಗಿದಳು ಫೆಲೀಸಾ.

"ಸಾರ್," ಎಂದು ಮೇಡಂ ಹೋಲ್ಮ್‌ನನ್ನು ಕರೆದರು, "ಬೇರೆ ಮನೆಗಳಲ್ಲಿ ಸಭಿಕರು ತೂಕಡಿಸ್ತಾರೆ. ಇವಳ ಸಭಿಕರು ಅವಳಿಗೆ ಮಾತಾಡೋಕೇ ಬಿಡ್ಲಿಲ್ಲ, ಅದಕ್ಕೇ ಅಂಕ ಕಳೆದೆ. ಎದುರಿಗೆ ಜನ ಇಲ್ದೆ ಹೋಗಿದ್ರೆ ಇವಳಿಗೆ ಪೂರ್ತಿ ಅಂಕ ಬರ್ತಿತ್ತು. ಈಗಲೇ ಬರೆದು ಕಳಿಸ್ತೀನಿ."

ನಾವು ಹೊರಗಿನ ಬೆಂಚಿನಲ್ಲಿ ಕಾದೆವು. ಹೋಗುವವರಿಗೆ ಬರುವವರಿಗೆ ಲುಂಪಿಯಾ ಹಂಚಿದೆವು. ಕೊನೆಗೆ ಹೋಲ್ಮ್ ನಮ್ಮನ್ನು ಒಳಗೆ ಕರೆದು, ಕಂಪ್ಯೂಟರಿನ ಪರದೆಯನ್ನು ಮಿಂದಾಳ ಕಡೆ ತಿರುಗಿಸಿದ. ಮೇಡಂ ಪತ್ರ ಬಂದಿತ್ತು. ಭಾಷಣಕಲೆಯ ಪಕ್ಕದಲ್ಲಿದ್ದ "ಇಲ್ಲ" ಅಳಿಸಿ ಅವನು "ಒಪ್ಪಿದೆ" ಎಂದು ಒತ್ತಿದ್ದ.

ಫೆಲೀಸಾ ಕಣ್ಣೊರೆಸಿಕೊಂಡಳು.

"ನಿಮ್ಮ ಸೀಟು ನಿಮ್ಮದೇ," ಎಂದ ಹೋಲ್ಮ್.

ಮಿಂದಾ ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದಳು. ಮರುಕ್ಷಣವೇ ಗೋಡೆಯ ಗಡಿಯಾರ ಅವಳ ಕಣ್ಣಿಗೆ ಬಿತ್ತು. "ಅಯ್ಯಯ್ಯೋ, ಶಾಲೆ ಬಿಡೋ ಹೊತ್ತು!" ಎಂದು ಕೀಲಿಕೈ ಹಿಡಿದು ಓಡಿದಳು. ನಾವೆಲ್ಲ ಕಿಟಕಿಗೆ ಮುತ್ತಿಕೊಂಡೆವು. ಕಾರುಗಳ ಸಾಲಿನ ನಡುವೆ ಓಡುತ್ತಿದ್ದವಳು ಥಟ್ಟನೆ ನಿಂತು, ಸುತ್ತ ಯಾರೂ ಇಲ್ಲವೆಂದುಕೊಂಡು, ಸೊಂಟ ಬಳುಕಿಸಿ ಒಂದು ಸುತ್ತು ಕುಣಿದು, ಮತ್ತೆ ಓಡಿದಳು.