ಅಡವಿ ಬೆಕ್ಕು ರಸ್ತೆ ದಾಟಿದ ಸಂಜೆ

ಹುಮನಾಬಾದಿನಿಂದ ಬಸವಕಲ್ಯಾಣದ ಕಡೆಗೆ ಹೋಗುವ ಹೆದ್ದಾರಿಯ ಪಕ್ಕದಲ್ಲೇ ನಮ್ಮ ಅಕ್ಕನ ಹೊಲ. ಆ ದಿನ ಅಲ್ಲಿ ನಾವು ನಾಲ್ವರಿದ್ದೆವು: ಅಕ್ಕ, ಭಾವ, ಊರೆಲ್ಲ ಆಯಿ ಎಂದು ಕರೆಯುವ ಅಕ್ಕನ ಅತ್ತೆ, ಮತ್ತೆ ಹಬ್ಬಕ್ಕೆಂದು ಬಂದು ಹಬ್ಬ ಮುಗಿದರೂ ಊಟದ ರುಚಿಗೆ ಉಳಿದುಬಿಟ್ಟಿದ್ದ ನಾನು. ಹಿಂದಿನ ದಿನವಷ್ಟೇ ಕಬ್ಬು ಕಡಿಯುವವರು ಕೊನೆಯ ಟ್ರಾಲಿ ತುಂಬಿಸಿ ಹೋಗಿದ್ದರು. ಹೊಲದ ತುಂಬ ರವದಿ, ಅಂದರೆ ಕಬ್ಬಿನ ಒಣ ಎಲೆ, ಮೊಣಕಾಲುದ್ದ ಬಿದ್ದಿತ್ತು. ಸಂಜೆ ಗಾಳಿ ಇಳಿದ ಮೇಲೆ ಅದಕ್ಕೆ ಬೆಂಕಿ ಹಚ್ಚಲು ಭಾವ ಕಡ್ಡಿಪೆಟ್ಟಿಗೆ ಜೇಬಿಗೆ ಹಾಕಿಕೊಂಡೇ ಬಂದಿದ್ದರು.

ಎಮ್ಮೆಗೆ ಮೇವು ಆರಿಸಲು ಹೋದ ಅಕ್ಕ ಒಮ್ಮೆಲೆ ನಿಂತು ಕೈ ಮಾಡಿ ಕರೆದಳು. ರವದಿಯ ಕೆಳಗೆ ಮೂರು ಮರಿ ಒಂದರ ಮೇಲೊಂದು ಬಿದ್ದು ಮಲಗಿದ್ದವು. ಮೈಮೇಲೆ ಮಾಸಿದ ಪಟ್ಟೆ.

"ಚಿರ್ತಿ ಮರಿ!" ಭಾವ ಎರಡು ಹೆಜ್ಜೆ ಹಿಂದೆ ಜಿಗಿದರು.

"ಚಿರ್ತಿ ಎಲ್ಲಿಂದ ತಂದ್ಯೋ? ಅಡವಿ ಬೆಕ್ಕಿನವು ಅವ" ಎಂದಳು ಆಯಿ. "ಇಷ್ಟು ದೊಡ್ಡಾವ ಆದಿ, ಬೆಕ್ಕಿಗಿ ಅಂಜ್ತಿ."

ಮೊದಲು ಹೊಲದ ಅಂಚಿನ ನಾಲಾದ ದಂಡೆಯಲ್ಲಿ ಆಳೆತ್ತರದ ಜೊಂಡು ಇತ್ತು. ಈ ಬೆಕ್ಕುಗಳು ಅಲ್ಲೇ ಮರಿ ಹಾಕುತ್ತಿದ್ದವು, ಹೊಲದ ಇಲಿ ತಿಂದು ಬದುಕುತ್ತಿದ್ದವು. ಇನ್ನೆರಡು ಸಾಲು ಕಬ್ಬು ಬರಲಿ ಎಂದು ಭಾವ ಅದನ್ನು ಜೆಸಿಬಿಯಿಂದ ಸಾಪ್ ಮಾಡಿಸಿದ್ದರು. ನೆಲೆ ಹೋದ ತಾಯಿ ಕಬ್ಬನ್ನೇ ಅಡವಿ ಎಂದು ನಂಬಿರಬೇಕು.

ನಾನು ಅರಣ್ಯ ಇಲಾಖೆಗೆ ಫೋನು ಹಚ್ಚಿದೆ. "ಮುಟ್ಟಬ್ಯಾಡ್ರಿ, ದೂರ ಸರೀರಿ. ತಾಯಿ ಬಂದು ತಾನೇ ಒಯ್ತದ" ಎಂದರು. ಆದರೆ ರಸ್ತೆ ಬದಿಯ ಢಾಬಾದ ನಾಯಿಗಳು ಆಗಲೇ ವಾಸನೆ ಹಿಡಿದು ಸುತ್ತುತ್ತಿದ್ದವು. ಆಯಿ ತಡಮಾಡಲಿಲ್ಲ. ದಿನಾ ಹೂಮರಿಗಳನ್ನು ಮುಚ್ಚುವ ಕೋಳಿ ಬುಟ್ಟಿಯನ್ನು ಹೊಲದ ಗುಡಿಸಲಿನಿಂದ ತಂದು ಮರಿಗಳ ಮೇಲೆ ಬೋರಲು ಹಾಕಿ, ಮೇಲೊಂದು ಕಲ್ಲು ಹೇರಿದಳು.

"ಈಗ ನಾಯಿ ಅಲ್ಲ, ನಾಯಿ ಮುತ್ಯಾ ಬಂದ್ರೂ ಏನೂ ಮಾಡ್ಲಾಕ ಆಗಲ್ಲ."

ನಮಗೆಲ್ಲ ಸಮಾಧಾನವಾಯಿತು. ದೂರದ ಬೇವಿನ ಮರದ ಕೆಳಗೆ ಕೂತು ಚಹಾ ಕುಡಿದೆವು.

ಹೊತ್ತು ಇಳಿಯುವಾಗ ತಾಯಿ ಬಂತು. ಬೂದಿ ಬಣ್ಣ, ಉದ್ದ ಕಾಲು, ಮೋಟು ಬಾಲ. ಬುಟ್ಟಿಯ ಸುತ್ತ ತಿರುಗಿತು. ಹೆಣಿಗೆಯ ಸಂದಿಯಲ್ಲಿ ಪಂಜ ತೂರಿಸಿತು. ಒಳಗೆ ಮರಿಗಳು ಚೀರಿದವು, ಅದು ಮತ್ತೆ ಸುತ್ತಿತು.

"ಅಯ್ಯ ಅತ್ತಿ, ನಾಯಿಗಿ ಅಂತ ಮುಚ್ಚಿ ತಾಯಿಗೂ ಮುಚ್ಚಿಬಿಟ್ಟೀವಲ್ಲ!" ಅಕ್ಕ ಎದ್ದು ಓಡಿದಳು. ಬೆಕ್ಕು ಮಾಯವಾಯಿತು. ಅಕ್ಕ ಬುಟ್ಟಿ ಎತ್ತಿಕೊಂಡು ಬಂದಳು. ಆಯಿ ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ಇನ್ನು ಅದರ ಹಾದಿ ಕಾಯ್ಕೋತ ಕುಂದ್ರಬೇಕಾ? ಬೆಂಕಿ ಯಾವಾಗ ಹಚ್ಲಿ?" ಭಾವನ ತಕರಾರು.

"ಬೀಡಿ ಹಚ್ಕೋರಿ, ಸಾಕು" ಎಂದು ಅಕ್ಕ ಕೈ ಚಾಚಿ ಕಡ್ಡಿಪೆಟ್ಟಿಗೆಯನ್ನೇ ಇಸಿದುಕೊಂಡಳು. "ಬೀಡಿ ಸೈತ ಆಮ್ಯಾಲ. ಮೊದಲು ನಾಯಿ ಹೊಡೀರಿ."

ಭಾವ ಗೊಣಗುತ್ತ ಬಡಿಗೆ ಹಿಡಿದು ನಾಯಿಗಳನ್ನು ಢಾಬಾದ ತನಕ ಅಟ್ಟಿ ಬಂದರು. ಸ್ವಲ್ಪ ಹೊತ್ತಿಗೆ ತಾಯಿ ಮರಳಿ ಬಂದು ಒಂದು ಮರಿಯ ಕುತ್ತಿಗೆ ಕಚ್ಚಿ ಎತ್ತಿತು. ಅಕ್ಕ ನನ್ನ ತೋಳು ಹಿಂಡಿದಳು. ಬೆಕ್ಕು ನೇರ ನಾಲಾದ ದಂಡೆಗೆ ಹೋಯಿತು. ಅಲ್ಲಿ ಬರೀ ಮಣ್ಣು. ಈ ತುದಿಯಿಂದ ಆ ತುದಿಗೆ ಮರಿ ಹೊತ್ತು ನಡೆಯಿತು, ಅಡಗಲು ಒಂದು ಪೊದೆ ಇರಲಿಲ್ಲ. ನಿಂತಿತು. ರಸ್ತೆಯಾಚೆ ಬೇರೆಯವರ ಕಬ್ಬು ಇನ್ನೂ ನಿಂತಿತ್ತು. ಆ ಕಡೆ ಮುಖ ಮಾಡಿತು.

"ರೋಡಿಗಿ ಹೊಂಟದ್ರಿ ಅದು!" ಅಕ್ಕ ಚೀರಿದಳು.

ಆಗ ಓಡಿದ್ದು ಭಾವ. ತಲೆಗೆ ಸುತ್ತಿದ ಟವೆಲ್ ಬಿಚ್ಚಿ ಬೀಸುತ್ತ ಹೆದ್ದಾರಿಯ ನಡುವೆ ನಿಂತುಬಿಟ್ಟರು. ಲಾರಿಯೊಂದು ಕಿರ್ರೆಂದು ನಿಂತಿತು.

"ಸಾಯ್ಲಾಕ ನನ್ನ ಗಾಡಿನೇ ಸಿಕ್ತೇನೋ?" ಎಂದ ಡ್ರೈವರ್.

"ಬಾಣಂತಿ ಬೆಕ್ಕು ದಾಟಾಕತ್ತದಪ್ಪ, ಒಂದು ಮಿನಿಟ್!"

"ಬೆಕ್ಕು ಅಡ್ಡ ಬಂದ್ರ ಗಾಡಿ ನಿಲ್ಸೋದು ಕೇಳೀನಿ. ಬೆಕ್ಕಿನ ಸಲುವಾಗಿ ಮನಷ್ಯಾ ಅಡ್ಡ ಬರೋದು ಇವತ್ತೇ ನೋಡ್ದೆ!"

ಆಚೆ ಬದಿಯಲ್ಲಿ ನಮ್ಮ ಪುಣ್ಯಕ್ಕೆ ಗಾಡಿ ಇರಲಿಲ್ಲ. ಬೆಕ್ಕು ದಾಟಿತು. ಇನ್ನೊಮ್ಮೆ ಬಂದು ಎರಡನೆಯದನ್ನೂ ಹೀಗೇ ಒಯ್ದಿತು. ಮೂರನೆಯದಕ್ಕೆ ಕಾದೆವು. ಕತ್ತಲಾಯಿತು, ಬರಲಿಲ್ಲ. ಕತ್ತಲಲ್ಲಿ ರಸ್ತೆಗೆ ನಿಲ್ಲಲು ಅಕ್ಕ ಗಂಡನನ್ನು ಬಿಡಲಿಲ್ಲ. ಮನೆಗೆ ಬಂದೆವು.

ಬೆಳಿಗ್ಗೆ ಹೋಗಿ ನೋಡಿದರೆ ಮರಿ ಇರಲಿಲ್ಲ. "ಒಯ್ದದ" ಎಂದಳು ಆಯಿ. "ನಾಯಿ ಒಯ್ದಿದ್ರ?" ಎಂದಳು ಅಕ್ಕ. ರಸ್ತೆಯ ಮೇಲೆ ಕಲೆ ಇರಲಿಲ್ಲ, ರವದಿಯಲ್ಲಿ ಕೂದಲೂ ಇರಲಿಲ್ಲ. ಭಾವ ಹೊಲವನ್ನೆಲ್ಲ ಬಡಿಗೆಯಿಂದ ತಡಕಾಡಿ ನೋಡಿ, ಆಮೇಲೆ ಬೆಂಕಿ ಹಚ್ಚಿದರು.

ನಾನು ಬಸ್ಸು ಹತ್ತಿ ಊರಿಗೆ ಬಂದೆ. ಊಟ ಸೇರಲಿಲ್ಲ. ಉಳಿಸಿದೆವೆಂದು ಹೇಳಿಕೊಳ್ಳಲು ಬಾಯಿ ಬರುತ್ತಿರಲಿಲ್ಲ. ಆಚೆಯದೂ ಕಡಿಯುವ ಕಬ್ಬೇ ಅಲ್ಲವೇ? ಅದೇ ಚಿಂತೆ ಅಕ್ಕನಿಗೂ. ಆ ಹೊಲದವರ ಮನೆಗೆ ಹೋಗಿ, ಅಂಚಿಗೆ ನಾಲ್ಕು ಸಾಲು ಹಾಂಗೇ ಬಿಡ್ರಿ, ಉಳಿದದ್ದು ಸುಡದೆ ಕಡಿಸ್ರಿ ಎಂದು ಕೇಳಿದಳಂತೆ.

"ಎಲಿ ಸುಟ್ರ ಕಡಿಯೋದು ಹಗುರಂತ, ಕಡಿಯೋರು ಸುಟ್ಟ ಕಬ್ಬೇ ಬೇಕಂತಾರವ್ವ. ನಾ ಏನ್ ಮಾಡ್ಲಿ?" ಎಂದರಂತೆ ಆ ಮನೆಯ ಹಿರಿಯರು. ಚಹಾ ಕುಡಿಸಿ ಕಳಿಸಿದರಂತೆ.

ಎಂಟು ದಿನದ ಮೇಲೆ ಆ ಕಬ್ಬಿಗೆ ಬೆಂಕಿ ಹಚ್ಚಿದರೆಂದು ಅಕ್ಕ ಫೋನಿನಲ್ಲಿ ಹೇಳಿದಳು. ಮರುದಿನ ಕಡಿಯುವವರು ಬರುವ ಮೊದಲೇ ಅಕ್ಕ ಮತ್ತು ಆಯಿ ರಸ್ತೆ ದಾಟಿ ಹೋಗಿ, ಮಸಿ ಹಿಡಿದ ಕಬ್ಬಿನ ಸಾಲುಗಳಲ್ಲಿ ಬಗ್ಗಿ ಬಗ್ಗಿ ಹುಡುಕಿದರು. ಸುಟ್ಟ ಹಾವೊಂದು ಸಿಕ್ಕಿತು, ಗೌಜಲಕ್ಕಿಯ ಒಡೆದ ಮೊಟ್ಟೆಗಳು ಸಿಕ್ಕವು. ಬೆಕ್ಕು ಸಿಗಲಿಲ್ಲ, ಮರಿಗಳೂ ಸಿಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಟ್ರಾಲಿ ಬಂದು ನಿಂತವು, ಇಬ್ಬರೂ ಮನೆಗೆ ಬಂದರು.