ಮರಿಯಮಬಿಯ ಪರವಾಗಿ ಮನೆ ನೋಡಿದವರು

ಶಿಗ್ಗಾಂವಿಯ ಹೊರಬದಿಗೆ ಎದ್ದ ಹೊಸ ಬಡಾವಣೆಯಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ನಡುವಿನ ಉದ್ಯಾನ ಮಾತ್ರ ಮೂರೂವರೆ ಎಕರೆ. ಅಲ್ಲಿ ಕಸ ಗುಡಿಸುವವಳು, ನೀರು ಬಿಡುವವಳು, ಆಡು ಓಡಿಸುವವಳು ಮರಿಯಮಬಿ ಒಬ್ಬಳೇ. ಬೈಸಿಕೊಳ್ಳುವುದಕ್ಕೂ ಬೇರೆ ಆಳಿಲ್ಲ.

ಬೈಯುವವರಿಗೆ ಬರವಿಲ್ಲ. ಬೆಳಗಿನ ವಾಕಿಂಗ್ ಬಳಗದ ಪರಮೇಶ್ವರಪ್ಪನವರು ನಿವೃತ್ತ ಓವರ್‌ಸಿಯರ್. ನಳ ಸೋರಿದರೆ ನಿಂತು ಹನಿ ಎಣಿಸುತ್ತಾರೆ, ಕೈಯಿಂದ ತಿರುವುವುದಿಲ್ಲ. ವೀರವ್ವ ದಾಸವಾಳವನ್ನೆಲ್ಲ ಉಡಿಯಲ್ಲಿ ತುಂಬಿಕೊಂಡು, “ಗಿಡದಾಗ ಹೂವ ಇಲ್ಲಲ್ಲ ಮರಿಯಮ್ಮಾ” ಎನ್ನುತ್ತಾಳೆ. ಶೇಖಸಾಬ ಮಾಸ್ತರರು ಬೆಂಚಿನ ಧೂಳಿನಲ್ಲಿ ಬೆರಳಿನಿಂದ ಆ ದಿನದ ತಾರೀಖು ಬರೆದು ಹೋಗುತ್ತಾರೆ. ಮೂವರೂ ಅಂಗಡಿಯಲ್ಲಿ ಇಪ್ಪತ್ತು ಸೀರೆ ಬಿಚ್ಚಿಸಿ, ಒಂದೂ ಕೊಳ್ಳದೆ ನೀರು ಕುಡಿದು ಎದ್ದುಹೋಗುವ ಗಿರಾಕಿಗಳ ಪೈಕಿ.

ಮರಿಯಮಬಿಯ ಮಗಳು ಸುಹಾನಾಳಿಗೆ ಬಂಕಾಪುರದ ಸಂಬಂಧ ಬಂದಿತ್ತು. ಹುಡುಗ ತೌಹೀದ, ಪಂಪಸೆಟ್ ರಿಪೇರಿಯವನು. ಅವರು ಹೆಣ್ಣು ನೋಡಿ ಒಪ್ಪಿದ್ದರು. ಇನ್ನು ಮರಿಯಮಬಿ ಹೋಗಿ ಅವರ ಮನೆ ನೋಡಿ ಬರಬೇಕು. ಎರಡು ಸಲ ಮುಂದೂಡಿದ್ದಾಯಿತು. ಈ ರವಿವಾರವೂ ಬರದಿದ್ದರೆ ಬೇರೆ ಕಡೆ ನೋಡುತ್ತೇವೆಂದು ಅವರು ಹೇಳಿ ಕಳಿಸಿದ್ದರು. ಮನೆಯಲ್ಲಿ ಬೇರೆ ಹಿರಿಯರಿಲ್ಲ. ಗೇಟು ಬಿಟ್ಟು ಹೋದರೆ ಕೆಲಸವಿಲ್ಲವೆಂದು ಗುತ್ತಿಗೆದಾರ ಮೊದಲೇ ಗದರಿದ್ದ. ರವಿವಾರವಂತೂ ಆಡು, ಬೈಕು, ಜನ, ಮೂರೂ ಒಟ್ಟಿಗೇ ಒಳಗೆ ನುಗ್ಗುತ್ತವೆ.

“ಸಾಹೇಬ್ರ, ರವಿವಾರ ಅರ್ಧಾ ದಿನ ಗೇಟಿನ ಹತ್ರ ಕುಂದರ್ತೀರೇನ್ರಿ?” ಎಂದು ಮೂವರನ್ನೂ ಕೇಳಿ ನೋಡಿದಳು.

ಪರಮೇಶ್ವರಪ್ಪನವರಿಗೆ ಕೂತರೆ ಸೊಂಟ ಹಿಡಿಯುತ್ತದೆ. ಮಾಸ್ತರರಿಗೆ ಬಿಸಿಲು ಆಗುವುದಿಲ್ಲ. ವೀರವ್ವ ಅವತ್ತೇ ಸಂಡಿಗೆ ಇಡುವವಳಿದ್ದಾಳೆ.

ಮರಿಯಮಬಿಗೆ ತಲೆ ಕಾದಿತು. “ಹಂಗಾರ ನಾ ಇಲ್ಲೇ ಸಾಯ್ತೇನಿ. ನೀವ ಹೋಗಿ ಮನಿ ನೋಡ್ಕೊಂಡು ಬರ್ರಿ!”

“ಎಷ್ಟೊತ್ತಿಗೆ ಹೊಂಡೂದು?” ಎಂದರು ಪರಮೇಶ್ವರಪ್ಪ.

ಸಿಟ್ಟಿಗೆ ಆಡಿದ ಮಾತು ಅಲ್ಲೇ ಠರಾವು ಆಗಿಹೋಯಿತು. ಸೊಂಟ ನೆಟ್ಟಗಾಯಿತು, ಸಂಡಿಗೆ ಮುಂದಕ್ಕೆ ಹೋಯಿತು, ಬಿಸಿಲಿನ ಸುದ್ದಿಯನ್ನು ಯಾರೂ ಎತ್ತಲಿಲ್ಲ. ಬೇಡವೆನ್ನೋಣವೆಂದರೆ ಮರಿಯಮಬಿಗೆ ಬೇರೆ ದಾರಿಯಿರಲಿಲ್ಲ. ರವಿವಾರ ಒಂಬತ್ತಕ್ಕೆ ಮೂವರೂ ಕಾರು ಹತ್ತಿದರು. ಅವಳು ಗೇಟಿನಲ್ಲಿ ಕೂತು, ಸಿಕ್ಕ ಆಡುಗಳನ್ನೆಲ್ಲ ಆ ಮೂವರ ಹೆಸರು ಹಿಡಿದು ಬೈದು ಓಡಿಸಿದಳು.

ಮೂರು ಗಂಟೆಗೆ ಕಾರು ಮರಳಿತು.

“ಮನಿ ಹೆಂಗೈತ್ರಿ?”

“ಬಚ್ಚಲ ಇಳಿಜಾರ ತಪ್ಪೈತಿ. ಮ್ಯಾಲಿನ ತಗಡಿಗೆ ಮೂರ ಕಡೆ ತೂತು,” ಎಂದರು ಪರಮೇಶ್ವರಪ್ಪ. “ಹುಡುಗನ ಅಪ್ಪಗ ಸ್ವಚ್ಛ ಹೇಳೇ ಬಂದೇನಿ.”

“ಕ್ಯಾಲೆಂಡರ್ ಹೋದ ವರ್ಷದ್ದು,” ಎಂದು ಮಾಸ್ತರರು ಸೇರಿಸಿದರು.

ಮರಿಯಮಬಿ ಹಣೆಗೆ ಕೈ ಹಚ್ಚಿದಳು. “ಹುಡುಗ ಹೆಂಗದಾನ್ರಿ?”

ಹುಡುಗನತ್ತ ನೋಡಲು ಗಂಡಸರಿಬ್ಬರಿಗೂ ಪುರುಸೊತ್ತೇ ಆಗಿರಲಿಲ್ಲ.

“ಚಾ ಮಾಡಿದಂವ ಅವನ ಇರಬೇಕು,” ಎಂದಳು ವೀರವ್ವ. “ಅವರವ್ವ ಏಳಾಕ ಹ್ವಾದ್ಲು. ‘ನೀ ಕುಂದರ, ಮೊಣಕಾಲ ಹಿಡಿತಾವ’ ಅಂದು ತಾನ ಮಾಡಿ ತಂದ. ಕಪ್ಪು-ಬಸಿನೂ ತಾನ ತೊಳದ.”

“ಸಕ್ಕರಿ ಜಾಸ್ತಿ ಆಗಿತ್ತು,” ಎಂದರು ಮಾಸ್ತರರು.

ಮರಿಯಮಬಿ ಅಷ್ಟರಲ್ಲೇ ಬಂಕಾಪುರಕ್ಕೆ ಫೋನು ಹಚ್ಚಿದ್ದಳು. ಹುಡುಗನ ತಾಯಿ ಸಲಾಮಿಗೂ ಕಾಯಲಿಲ್ಲ. “ಏನವ್ವಾ, ಮನಿ ನೋಡಾಕ ಕಳಿಸಿದ್ಯೋ, ಜಪ್ತಿ ಮಾಡಾಕ ಕಳಿಸಿದ್ಯೋ? ತೌಹೀದ ಉಣ್ಣೂದ ಬಿಟ್ಟು ತೂತ ಮುಚ್ಚಾಕ ತಗಡಿನ ಮ್ಯಾಲ ಹತ್ಯಾನ!”

“ತಪ್ಪಾತಕ್ಕಾ. ಇಳದ ಉಣ್ಣು ಅನ್ರಿ ಅವಗ,” ಎಂದಳು ಮರಿಯಮಬಿ. “ನಮಗ ಒಪ್ಪಿಗಿ ಐತಿ.”

“ಏ, ಹತ್ತಿದಂವ ಹತ್ಯಾನ,” ಎಂದು ಪರಮೇಶ್ವರಪ್ಪ ಹಿಂದಿನಿಂದ ಫೋನಿಗೆ ಬಾಯಿ ಹಾಕಿದರು. “ಮೂರೂ ಮುಚ್ಚೇ ಇಳೀಲಿ ಅನ್ನು!”